ಎಡಮುರಿಯೋ ಬಲಮುರಿಯೋ: ಅಮೈನೊ ಆಮ್ಲಗಳ ಎಡಬಲವನ್ನು ಸಾದಾ ಸಿ-18 ಕಾಲಮ್ಮಿನಲ್ಲಿ ಪತ್ತೆ ಹಚ್ಚುವ ಬಗೆ

ಒಂದು ಬಲಮುರಿ ಶಂಖ, ಅದರದೇ ಪಡಿಯಚ್ಚಿನಂಥ ಒಂದು ಎಡಮುರಿ ಶಂಖ. ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗಿ, ನೀರಲ್ಲಿ ಮುಳುಗಿಸಿ, ಕಾಯಿಸಿ ನೋಡಿ. ಯಾವುದು ಯಾವುದೆಂದು ತಿಳಿಯುವುದಿಲ್ಲ. ಸುರುಳಿ ಯಾವ ಕಡೆಗೆ ತಿರುಗಿದೆ ಎಂದು ಬೆರಳಾಡಿಸಿ ನೋಡಿದಾಗಲೇ ಗೊತ್ತಾಗುವುದು.

ಎಲ್-ಫಿನೈಲ್‌ಅಲನೀನ್ ಮತ್ತು ಡಿ-ಫಿನೈಲ್‌ಅಲನೀನ್ ಎಂಬ ಅಮೈನೊ ಆಮ್ಲಗಳೂ ಹೀಗೇ. ತೂಕ ಒಂದೇ, ಕರಗುವ ಬಿಂದು ಒಂದೇ, ಮಾಸ್ ಸ್ಪೆಕ್ಟ್ರಮ್ ಒಂದೇ, ಸಾಮಾನ್ಯ ಎನ್‌ಎಂಆರ್ ಕೂಡ ಒಂದೇ. ಸಾದಾ ಸಿ-18 ಕಾಲಮ್ಮಿಗೆ (ಎಣ್ಣೆಯಂಥ ಪದರವಿರುವ ಪುಡಿ ತುಂಬಿದ, ವಸ್ತುಗಳನ್ನು ಬೇರ್ಪಡಿಸುವ ಕೊಳವೆಗೆ) ಇಂಜೆಕ್ಟ್ ಮಾಡಿದರೆ ಎರಡೂ ಒಟ್ಟಾಗಿ, ಡಿಟೆಕ್ಟರಿನ ಗೆರೆಯಲ್ಲಿ ಒಂದೇ ಉಬ್ಬಾಗಿ, ಅಂದರೆ ಒಂದೇ ಪೀಕ್ ಆಗಿ ಹೊರಬೀಳುತ್ತವೆ. ಆದರೆ ಜೀವಕ್ಕೆ ಅವೆರಡೂ ಬೇರೆ ಬೇರೆ. ನಮ್ಮ ಪ್ರೋಟೀನ್‌ಗಳು ಎಲ್ ರೂಪದಿಂದ ಕಟ್ಟಿದವು. ಬ್ಯಾಕ್ಟೀರಿಯಾ ತನ್ನ ಕೋಶದ ಗೋಡೆಯಲ್ಲಿ ಡಿ-ಅಲನೀನ್ ಇಟ್ಟುಕೊಂಡಿರುತ್ತದೆ. ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಹೋಗಿ ಹಿಡಿಯುವುದು ಗೋಡೆ ಕಟ್ಟುವ ಸಾಮಗ್ರಿಯ ತುದಿಯಲ್ಲಿರುವ ಎರಡು ಡಿ-ಅಲನೀನ್‌ಗಳನ್ನೇ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಲೆವೊಡೋಪಾ ಎಲ್ ರೂಪದ್ದೇ ಆಗಿರಬೇಕು. ಹೊಸದಾಗಿ ಸಿಕ್ಕ ಪೆಪ್ಟೈಡ್ (ಅಮೈನೊ ಆಮ್ಲಗಳ ಕಿರು ಸರಪಳಿ) ಒಂದರ ರಚನೆ ಬರೆಯುವಾಗ ಪ್ರತಿ ಅಮೈನೊ ಆಮ್ಲದ ಮುಂದೆ ‘ಎಲ್’ ಅಥವಾ ‘ಡಿ’ ಎಂಬ ಅಕ್ಷರ ಹಾಕದಿದ್ದರೆ ಆ ರಚನೆ ಅರ್ಧವೇ ಬರೆದಂತೆ.

ಆ ಒಂದು ಅಕ್ಷರವನ್ನು ಧೈರ್ಯವಾಗಿ ಬರೆಯುವುದು ಹೇಗೆ ಎಂಬುದೇ ಈ ಲೇಖನ. ಎಡಬಲ ಗುರುತಿಸುವ ದುಬಾರಿ ಕೈರಲ್ ಕಾಲಮ್ ಇಲ್ಲದ ಲ್ಯಾಬಿನಲ್ಲೂ ಇದನ್ನು ಮಾಡಬಹುದು. ಯುವಿ ಡಿಟೆಕ್ಟರ್ ಇರುವ, ಕಾಲಮ್ಮಿನ ಮೂಲಕ ದ್ರಾವಣವನ್ನು ಒತ್ತಡದಿಂದ ಹರಿಸುವ ಒಂದು ಎಚ್‌ಪಿಎಲ್‌ಸಿ, ಒಂದು ಸಿ-18 ಕಾಲಮ್, ಒಂದು ಹಳದಿ ಪುಡಿ ಇದ್ದರೆ ಸಾಕು. ಎಂ.ಎಸ್‌ಸಿ. ಮುಗಿಸಿ ಹೊಸದಾಗಿ ಲ್ಯಾಬಿಗೆ ಕಾಲಿಟ್ಟವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಹೆಸರುಗಳ ಗೊಂದಲ ಮೊದಲು ಕಳೆದುಕೊಳ್ಳೋಣ

ಎಲ್ ಎಂದರೆ ಬೆಳಕನ್ನು ಎಡಕ್ಕೆ ತಿರುಗಿಸುವುದು, ಡಿ ಎಂದರೆ ಬಲಕ್ಕೆ ತಿರುಗಿಸುವುದು ಎಂದು ಅನೇಕರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ನೀರಿನಲ್ಲಿ ಕರಗಿಸಿದ ಎಲ್-ಅಲನೀನ್ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ, ಎಲ್-ಪ್ರೋಲೀನ್ ಎಡಕ್ಕೆ. ಎಲ್, ಡಿ ಎಂಬುವು ಅಣುವಿನ ಆಕಾರಕ್ಕೆ ಕೊಟ್ಟ ಹೆಸರುಗಳು. ಪ್ಲಸ್, ಮೈನಸ್ ಚಿಹ್ನೆಗಳು ಪೋಲಾರಿಮೀಟರಿನಲ್ಲಿ ಅಳೆದ ತಿರುವಿಗೆ. ಆರ್, ಎಸ್ ಎಂಬ ಮೂರನೆಯ ಪದ್ಧತಿಯೂ ಇದೆ. ಅದರಲ್ಲಿ ಬಹುತೇಕ ಎಲ್ ಅಮೈನೊ ಆಮ್ಲಗಳು ಎಸ್ ಆಗುತ್ತವೆ, ಆದರೆ ಎಲ್-ಸಿಸ್ಟೀನ್ ಆರ್ ಆಗುತ್ತದೆ. ಗಂಧಕದ ಪರಮಾಣು ಇರುವುದರಿಂದ ಆದ್ಯತೆಯ ಕ್ರಮ ಬದಲಾಗುತ್ತದೆ, ಅಷ್ಟೇ. ನೋಟ್‌ಬುಕ್ಕಿನಲ್ಲಿ ಈ ಮೂರನ್ನೂ ಬೆರೆಸಬೇಡಿ. ಇಲ್ಲಿ ನಾನು ಉದ್ದಕ್ಕೂ ಎಲ್, ಡಿ ಎಂದೇ ಬರೆಯುತ್ತೇನೆ.

ಕೈಕುಲುಕುವ ಉಪಾಯ

ನಿಮ್ಮ ಬಲಗೈಯಿಂದ ಗೆಳೆಯನ ಬಲಗೈ ಕುಲುಕಿ. ಆಮೇಲೆ ಅದೇ ಬಲಗೈಯಿಂದ ಅವನ ಎಡಗೈ ಹಿಡಿಯಿರಿ. ಮೊದಲನೆಯದರಲ್ಲಿ ಹೆಬ್ಬೆರಳಿಗೆ ಹೆಬ್ಬೆರಳು ಹೊಂದಿಕೊಂಡು ಹಿಡಿತ ಸರಿಯಾಗಿ ಕೂರುತ್ತದೆ, ಎರಡನೆಯದರಲ್ಲಿ ಎಲ್ಲೋ ಮುರುಟಿದಂತಾಗುತ್ತದೆ. ಗೆಳೆಯನ ಎರಡು ಕೈಗಳು ಒಂದಕ್ಕೊಂದು ಕನ್ನಡಿ ಬಿಂಬಗಳೇ ಆದರೂ ಈ ಎರಡು ಹಿಡಿತಗಳು ಒಂದಕ್ಕೊಂದು ಬಿಂಬಗಳಲ್ಲ. ಅವುಗಳ ಆಕಾರವೇ ಬೇರೆ.

ರಸಾಯನಶಾಸ್ತ್ರದಲ್ಲೂ ಇದೇ ಉಪಾಯ. ಎಡಬಲ ಗೊತ್ತಿಲ್ಲದ ಅಮೈನೊ ಆಮ್ಲಕ್ಕೆ, ಎಡಬಲ ಗೊತ್ತಿರುವ ಒಂದು ಅಣುವನ್ನು ಬೆಸೆಯಬೇಕು. ಆಗ ಎಲ್-ಎಲ್ ಜೋಡಿ, ಎಲ್-ಡಿ ಜೋಡಿ ಎಂದು ಎರಡು ಬೇರೆ ವಸ್ತುಗಳಾಗುತ್ತವೆ. ಇವನ್ನು ಡಯಾಸ್ಟೀರಿಯೊಮರ್ ಎನ್ನುತ್ತಾರೆ. ಇವಕ್ಕೆ ಎಣ್ಣೆಯ ಕಡೆಗಿರುವ ಒಲವು ಬೇರೆ ಬೇರೆ, ಹಾಗಾಗಿ ಎಡಬಲದ ಅರಿವೇ ಇಲ್ಲದ ಸಿ-18 ಕಾಲಮ್ ಕೂಡ ಇವನ್ನು ಬೇರ್ಪಡಿಸುತ್ತದೆ.

1984ರಲ್ಲಿ ಪೀಟರ್ ಮಾರ್ಫಿ ಎಂಬ ವಿಜ್ಞಾನಿ ಇದಕ್ಕೆ ಹೇಳಿ ಮಾಡಿಸಿದಂಥ ಒಂದು ರಿಯೇಜೆಂಟ್ ಪ್ರಕಟಿಸಿದರು. ಫ್ರೆಡ್ರಿಕ್ ಸ್ಯಾಂಗರ್ ಇನ್ಸುಲಿನ್ ಸರಣಿ ಬಿಡಿಸಲು ಬಳಸಿದ ಡೈನೈಟ್ರೊಫ್ಲೋರೊಬೆಂಜೀನ್ ನಿಮಗೆ ನೆನಪಿರಬಹುದು. ಅದೇ ಉಂಗುರಕ್ಕೆ ಎಲ್-ಅಲನೀನ್ ಅಮೈಡ್ ಒಂದನ್ನು ಅಂಟಿಸಿದರೆ ಮೇಲೆ ಹೇಳಿದ ಹಳದಿ ಪುಡಿ, ಅಂದರೆ ಮಾರ್ಫಿ ರಿಯೇಜೆಂಟ್, ಲ್ಯಾಬಿನ ಮಾತಿನಲ್ಲಿ ಎಫ್‌ಡಿಎಎ. ಉಂಗುರದ ಮೇಲಿನ ಫ್ಲೋರಿನ್ ಅಮೈನೊ ಗುಂಪು ಸಿಕ್ಕಕೂಡಲೇ ಜಾಗ ಬಿಟ್ಟುಕೊಡುತ್ತದೆ. ಹುಟ್ಟುವ ವಸ್ತು 340 ನ್ಯಾನೊಮೀಟರಿನಲ್ಲಿ ಬೆಳಕನ್ನು ಬಲವಾಗಿ ಹೀರುತ್ತದೆ. ಅಮೈನೊ ಆಮ್ಲಗಳು ತಾವಾಗಿಯೇ ಯುವಿಯಲ್ಲಿ ಸರಿಯಾಗಿ ಕಾಣದ ತೊಂದರೆಯೂ ಇದರಿಂದ ನೀಗುತ್ತದೆ.

ಎಲ್-ಎಫ್‌ಡಿಎಎ ಬಳಸಿದಾಗ ಸಾಮಾನ್ಯವಾಗಿ ಎಲ್ ಅಮೈನೊ ಆಮ್ಲ ಮೊದಲು ಬರುತ್ತದೆ, ಡಿ ಆಮೇಲೆ. ಡಿ ಜೋಡಿಯಲ್ಲಿ ಅಮೈನೊ ಆಮ್ಲದ ಪಕ್ಕದ ಸರಪಳಿ ಮತ್ತು ಅಲನೀನ್ ಅಮೈಡಿನ ಮೀಥೈಲ್ ಗುಂಪು ಉಂಗುರದ ಒಂದೇ ಮಗ್ಗುಲಿಗೆ ಬಂದು ಕೂರುತ್ತವೆ. ಆ ಮಗ್ಗುಲು ಪೂರ್ತಿ ಜಿಡ್ಡಾಗಿ ಸಿ-18ರ ಎಣ್ಣೆಯಂಥ ಪದರಕ್ಕೆ ಹೆಚ್ಚು ಹೊತ್ತು ಅಂಟಿಕೊಳ್ಳುತ್ತದೆ. ಎಲ್ ಜೋಡಿಯಲ್ಲಿ ಅವೆರಡೂ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ ಹಿಡಿತ ಸಡಿಲ. ಈ ಕ್ರಮವನ್ನು ನೆನಪಿನಲ್ಲಿಡಿ, ಆದರೆ ಇದನ್ನೇ ನಂಬಿ ಉತ್ತರ ಬರೆಯಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ.

ಕೈ ಪಳಗಿಸಿಕೊಳ್ಳಲು ಗ್ರಾಮಿಸಿಡಿನ್ ಎಸ್

ನಿಮ್ಮ ಅಮೂಲ್ಯ ಮಾದರಿಯ ಮೇಲೆ ಮೊದಲ ಪ್ರಯೋಗ ಬೇಡ. ಉತ್ತರ ಮೊದಲೇ ಗೊತ್ತಿರುವ ಒಂದು ಪೆಪ್ಟೈಡ್ ತೆಗೆದುಕೊಳ್ಳಿ. ನನ್ನ ಆಯ್ಕೆ ಗ್ರಾಮಿಸಿಡಿನ್ ಎಸ್. 1942ರಲ್ಲಿ ಮಾಸ್ಕೋದಲ್ಲಿ ಗಾಜೆ ಮತ್ತು ಬ್ರಾಜ್ನಿಕೋವಾ ಮಣ್ಣಿನ ಬ್ಯಾಕ್ಟೀರಿಯಾವೊಂದರಲ್ಲಿ ಕಂಡ ಆಂಟಿಬಯಾಟಿಕ್ ಇದು. ಎಸ್ ಎಂದರೆ ಸೋವಿಯತ್. ವ್ಯಾಲೀನ್, ಆರ್ನಿಥೀನ್, ಲ್ಯೂಸೀನ್, ಫಿನೈಲ್‌ಅಲನೀನ್, ಪ್ರೋಲೀನ್ ಈ ಐದರ ಸರಣಿ ಎರಡು ಸಲ ಬಂದು, ಹತ್ತು ಕೊಂಡಿಯ ಬಳೆಯಂತೆ ಮುಚ್ಚಿಕೊಂಡಿದೆ. ನಾಲ್ಕು ಬಗೆಯವು ಎಲ್, ಫಿನೈಲ್‌ಅಲನೀನ್ ಮಾತ್ರ ಡಿ.

ಇದರಲ್ಲಿ ಇನ್ನೊಂದು ಸಂತೋಷವೂ ಇದೆ. 1947ರಲ್ಲಿ ಇಂಗ್ಲೆಂಡಿನ ಕಾನ್ಸ್‌ಡೆನ್, ಗಾರ್ಡನ್, ಮಾರ್ಟಿನ್, ಸಿಂಜ್ ಈ ಬಳೆಯ ಕೊಂಡಿಗಳ ಕ್ರಮವನ್ನು ಬಿಡಿಸಿದ್ದು ಕಾಗದದ ಹಾಳೆಯ ಮೇಲೆ ದ್ರಾವಣ ಹರಿಸುವ ಪೇಪರ್ ಕ್ರೊಮ್ಯಾಟೊಗ್ರಫಿಯಿಂದ. ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಬಂದದ್ದು ಇದೇ ವಿದ್ಯೆಗೆ. ನೀವು ಈಗ ಎಚ್‌ಪಿಎಲ್‌ಸಿಯಲ್ಲಿ ಮಾಡಹೊರಟಿರುವುದು ಅದೇ ಅಣುವಿನ ಮೇಲೆ, ಅದೇ ವಿದ್ಯೆಯ ಮುಂದಿನ ತಲೆಮಾರಿನ ಕೆಲಸ.

ಹಂತ 1: ಸ್ಟ್ಯಾಂಡರ್ಡ್‌ಗಳು

ಹೋಲಿಕೆಗೆಂದು ಐದೂ ಅಮೈನೊ ಆಮ್ಲಗಳ ಎಲ್ ರೂಪ ಬೇಕು. ಜೊತೆಗೆ ಡಿ ರೂಪ, ಇಲ್ಲವೇ ಎರಡೂ ಅರ್ಧರ್ಧ ಬೆರೆತ ಡಿಎಲ್ ರೂಪ. ಡಿಎಲ್ ಅಗ್ಗ, ಮತ್ತು ಸಾಕಾಗುತ್ತದೆ: ಎಲ್ ಪೀಕ್ ಎಲ್ಲಿದೆಯೆಂದು ಗೊತ್ತಿದ್ದರೆ ಉಳಿದದ್ದು ಡಿ ತಾನೆ?

ಪ್ರತಿಯೊಂದರ 50 ಮಿಲಿಮೋಲಾರ್ ದ್ರಾವಣವನ್ನು ನೀರಿನಲ್ಲಿ ಮಾಡಿಕೊಳ್ಳಿ. ಒಂದು ಮಿಲಿಲೀಟರಿಗೆ ವ್ಯಾಲೀನ್ 5.9 ಮಿಲಿಗ್ರಾಂ, ಲ್ಯೂಸೀನ್ 6.6, ಫಿನೈಲ್‌ಅಲನೀನ್ 8.3, ಪ್ರೋಲೀನ್ 5.8, ಆರ್ನಿಥೀನ್ ಹೈಡ್ರೊಕ್ಲೋರೈಡ್ 8.4. ವಯಲ್ ಮೇಲೆ ಹೆಸರು ಬರೆಯುವಾಗ ‘ಡಿ’ ಮತ್ತು ‘ಎಲ್’ ಅಕ್ಷರಗಳನ್ನು ಎರಡು ಬಣ್ಣದ ಪೆನ್ನಿನಲ್ಲಿ ಬರೆಯಿರಿ. ಇಲ್ಲಿ ಲೇಬಲ್ ಅದಲುಬದಲಾದರೆ ಮುಂದೆ ಯಾವ ಯಂತ್ರವೂ ಆ ತಪ್ಪನ್ನು ಹಿಡಿದುಕೊಡುವುದಿಲ್ಲ.

ಹಂತ 2: ಬಳೆಯನ್ನು ಒಡೆಯುವುದು

1 ಮಿಲಿಗ್ರಾಂ ಗ್ರಾಮಿಸಿಡಿನ್ ಎಸ್ ಅನ್ನು ಗಟ್ಟಿ ಗಾಜಿನ ಹೈಡ್ರಾಲಿಸಿಸ್ ಟ್ಯೂಬಿಗೆ ಹಾಕಿ, 6 ಮೋಲಾರ್ ಹೈಡ್ರೊಕ್ಲೋರಿಕ್ ಆಮ್ಲ ಅರ್ಧ ಮಿಲಿಲೀಟರ್ ಸೇರಿಸಿ. ಒಳಗಿನ ಗಾಳಿಯನ್ನು ನೈಟ್ರೊಜನ್ನಿನಿಂದ ಓಡಿಸಿ, ಬಿಗಿಯಾಗಿ ಮುಚ್ಚಿ, 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 24 ಗಂಟೆ ಬಿಡಿ. ಸಾಯಂಕಾಲ ಇಟ್ಟರೆ ಮರುದಿನ ಸಾಯಂಕಾಲ ತೆಗೆಯಬಹುದು. ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ. ತೆರೆಯುವುದು ಫ್ಯೂಮ್ ಹುಡ್ಡಿನೊಳಗೆ, ಕನ್ನಡಕ ಹಾಕಿಕೊಂಡೇ.

ಪಕ್ಕದಲ್ಲೇ ಇನ್ನೊಂದು ಟ್ಯೂಬಿನಲ್ಲಿ ಬರೀ ಎಲ್-ಫಿನೈಲ್‌ಅಲನೀನ್ ಮತ್ತು ಎಲ್-ವ್ಯಾಲೀನ್ ಹಾಕಿ ಅದೇ ಆಮ್ಲ, ಅದೇ ಬಿಸಿ, ಅಷ್ಟೇ ಹೊತ್ತು ಕಾಯಿಸಿ. ಬಿಸಿ ಆಮ್ಲದಲ್ಲಿ ಕೆಲವು ಅಣುಗಳು ಮಗ್ಗುಲು ಬದಲಿಸುತ್ತವೆ, ಎಲ್ ಇದ್ದದ್ದು ಡಿ ಆಗುತ್ತದೆ. ಇದಕ್ಕೆ ರೇಸಿಮೈಸೇಶನ್ ಎಂದು ಹೆಸರು. ಅದು ಎಷ್ಟು ನಡೆದಿದೆ ಎಂಬುದರ ಅಂದಾಜು ಈ ಎರಡನೆಯ ಟ್ಯೂಬಿನಿಂದ ಸಿಗುತ್ತದೆ. ಪೆಪ್ಟೈಡಿನೊಳಗೆ ಕಟ್ಟಿಕೊಂಡಿರುವಾಗ ಆಗುವ ಬದಲಾವಣೆ ಇನ್ನೂ ತುಸು ಬೇರೆ ಇರಬಹುದಾದರೂ, ಈ ಟ್ಯೂಬ್ ಇಲ್ಲದೆ ಮುಂದೆ ಕಾಣುವ ಸಣ್ಣ ಡಿ ಪೀಕುಗಳನ್ನು ಓದಲಾಗದು.

ಈಗ ಆಮ್ಲವನ್ನು ಪೂರ್ತಿ ಹಾರಿಸಬೇಕು. ನೈಟ್ರೊಜನ್ ಹಾಯಿಸಿ ಒಣಗಿಸಿ, ಅರ್ಧ ಮಿಲಿಲೀಟರ್ ನೀರು ಹಾಕಿ ಮತ್ತೆ ಒಣಗಿಸಿ, ಇನ್ನೊಮ್ಮೆ ನೀರು ಹಾಕಿ ಒಣಗಿಸಿ. ಈ ಕೆಲಸ ಬೇಸರ ತರಿಸುತ್ತದೆ, ಆದರೂ ಮೂರು ಸಲ ಮಾಡಿಯೇ ಮುಂದೆ ಹೋಗಿ. ನಾನು ಮೊದಲ ಸಲ ಮಾಡಿದಾಗ ಒಮ್ಮೆ ಒಣಗಿಸಿ ಸಾಕೆಂದು ಬಿಟ್ಟೆ. ಬೈಕಾರ್ಬನೇಟ್ ಹಾಕುತ್ತಲೇ ಟ್ಯೂಬಿನಲ್ಲಿ ಬುರುಬುರು ನೊರೆ ಎದ್ದಿತು. ಒಂದು ಗಂಟೆ ಕಾದರೂ ದ್ರಾವಣ ತಿಳಿ ಹಳದಿಯಾಗಿಯೇ ಉಳಿಯಿತು. ಕ್ರೊಮ್ಯಾಟೊಗ್ರಾಮಿನಲ್ಲಿ ರಿಯೇಜೆಂಟ್ ಪೀಕ್ ಬಿಟ್ಟರೆ ಏನೂ ಇಲ್ಲ. ಉಳಿದಿದ್ದ ಆಮ್ಲ ಬೈಕಾರ್ಬನೇಟನ್ನೆಲ್ಲ ನುಂಗಿಹಾಕಿತ್ತು. ಅಮೈನೊ ಗುಂಪುಗಳು ಪ್ರೋಟಾನ್ ಹಿಡಿದುಕೊಂಡು ಕೂತಿದ್ದರಿಂದ ಪ್ರತಿಕ್ರಿಯೆ ಶುರುವೇ ಆಗಿರಲಿಲ್ಲ. ಎರಡು ದಿನದ ಕೆಲಸ ಹೋಯಿತು. ಅಂದಿನಿಂದ ಬೈಕಾರ್ಬನೇಟ್ ಹಾಕಿದ ಮೇಲೆ ಗಾಜಿನ ಕಡ್ಡಿಯ ತುದಿಯಿಂದ ಒಂದು ಚುಕ್ಕೆಯನ್ನು ಪಿಎಚ್ ಪೇಪರಿಗೆ ಮುಟ್ಟಿಸಿ, ಸುಮಾರು 8 ಇದೆಯೆಂದು ಖಾತ್ರಿ ಮಾಡಿಕೊಂಡೇ ಮುಂದೆ ಹೋಗುತ್ತೇನೆ.

ಹಂತ 3: ರಿಯೇಜೆಂಟ್ ಬೆಸೆಯುವುದು

ಗ್ಲೌಸ್ ಹಾಕಿಕೊಳ್ಳಿ. ಇದೇ ಕುಟುಂಬದ ಡೈನೈಟ್ರೊಫ್ಲೋರೊಬೆಂಜೀನ್ ಚರ್ಮಕ್ಕೆ ತಾಗಿದರೆ ಕೆಟ್ಟ ಅಲರ್ಜಿ ತರುತ್ತದೆ, ಎಫ್‌ಡಿಎಎಯನ್ನೂ ಅಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕು. ಚರ್ಮದ ಪ್ರೋಟೀನಿನಲ್ಲೂ ಅಮೈನೊ ಗುಂಪುಗಳಿವೆ ಎಂಬುದನ್ನು ಮರೆಯಬೇಡಿ.

ಬೇಕಾದ ದ್ರಾವಣಗಳು ಮೂರು. ಎಫ್‌ಡಿಎಎ 1 ಮಿಲಿಲೀಟರ್ ಅಸಿಟೋನಿಗೆ 10 ಮಿಲಿಗ್ರಾಂ. ಸೋಡಿಯಂ ಬೈಕಾರ್ಬನೇಟ್ 1 ಮೋಲಾರ್, ಅಂದರೆ ಮಿಲಿಲೀಟರಿಗೆ 84 ಮಿಲಿಗ್ರಾಂ. ಹೈಡ್ರೊಕ್ಲೋರಿಕ್ ಆಮ್ಲ 2 ಮೋಲಾರ್.

ಸ್ಟ್ಯಾಂಡರ್ಡ್ ಆದರೆ: ಸಣ್ಣ ಟ್ಯೂಬಿಗೆ 50 ಮೈಕ್ರೋಲೀಟರ್ ಅಮೈನೊ ಆಮ್ಲ, 100 ಮೈಕ್ರೋಲೀಟರ್ ಎಫ್‌ಡಿಎಎ, 20 ಮೈಕ್ರೋಲೀಟರ್ ಬೈಕಾರ್ಬನೇಟ್. ಆರ್ನಿಥೀನಿಗೆ ಮಾತ್ರ 25 ಮೈಕ್ರೋಲೀಟರ್ ಸಾಕು, ಕಡಿಮೆಯಾದಷ್ಟು ನೀರು ಸೇರಿಸಿ. ಅದಕ್ಕೆ ಎರಡು ಅಮೈನೊ ಗುಂಪುಗಳಿದ್ದು ಎರಡು ಪಾಲು ರಿಯೇಜೆಂಟ್ ಬೇಕು.

ಮಾದರಿಯಾದರೆ ಒಂದು ಲೆಕ್ಕ ಹಾಕಿ. 1 ಮಿಲಿಗ್ರಾಂ ಗ್ರಾಮಿಸಿಡಿನ್ ಎಸ್ ಒಣಗಿದ ಮೇಲೆ 250 ಮೈಕ್ರೋಲೀಟರ್ ನೀರಿನಲ್ಲಿ ಕರಗಿಸಿದರೆ, ಅದರ 50 ಮೈಕ್ರೋಲೀಟರಿನಲ್ಲಿ 0.2 ಮಿಲಿಗ್ರಾಮಿನಷ್ಟು ಪೆಪ್ಟೈಡಿನ ಅಮೈನೊ ಆಮ್ಲಗಳಿರುತ್ತವೆ. ಒಂದು ಅಣುವಿನಿಂದ ಹತ್ತು ಅಮೈನೊ ಆಮ್ಲ, ಆರ್ನಿಥೀನ್‌ಗಳ ಹೆಚ್ಚುವರಿ ಎರಡು ಸೇರಿ ಹನ್ನೆರಡು ಅಮೈನೊ ಗುಂಪು. ಒಟ್ಟು ಸುಮಾರು 2.1 ಮೈಕ್ರೋಮೋಲ್. 100 ಮೈಕ್ರೋಲೀಟರ್ ಎಫ್‌ಡಿಎಎಯಲ್ಲಿ ಇರುವುದು 3.7 ಮೈಕ್ರೋಮೋಲ್. ಸಾಕಷ್ಟು ಹೆಚ್ಚೇ ಇದೆ. ಈ ಹೆಚ್ಚು ಯಾಕೆಂದರೆ, ಎಲ್ ಮತ್ತು ಡಿ ರೂಪಗಳು ಎಫ್‌ಡಿಎಎ ಜೊತೆ ಸೇರುವ ವೇಗ ಒಂದೇ ಆಗಿರಬೇಕಿಲ್ಲ. ರಿಯೇಜೆಂಟ್ ಸಾಲದಿದ್ದರೆ ಚುರುಕಾದದ್ದು ಮೊದಲು ಸೇರಿಕೊಂಡು, ಇಲ್ಲದ ವ್ಯತ್ಯಾಸ ಇದ್ದಂತೆ ಕಾಣುತ್ತದೆ.

ಟ್ಯೂಬನ್ನು ಅಲ್ಯೂಮಿನಿಯಂ ಫಾಯಿಲಿನಲ್ಲಿ ಸುತ್ತಿ 40 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಹುಟ್ಟುವ ವಸ್ತುಗಳಿಗೆ ಬೆಳಕು ಆಗದು. ಹೊರತೆಗೆದಾಗ ಹಳದಿ ಹೋಗಿ ಕಿತ್ತಳೆ ಕಡೆಗೆ ತಿರುಗಿದ್ದರೆ ಕೆಲಸ ಆಗಿದೆ. ತಣ್ಣಗಾದ ಮೇಲೆ 10 ಮೈಕ್ರೋಲೀಟರ್ 2 ಮೋಲಾರ್ ಆಮ್ಲ ಹಾಕಿ ನಿಲ್ಲಿಸಿ. ಗಾಳಿಗುಳ್ಳೆ ಏಳುತ್ತದೆ, ಮುಚ್ಚಳ ತೆರೆದಿಟ್ಟೇ ಹಾಕಿ. ಮೆಥನಾಲ್ ಸೇರಿಸಿ 1 ಮಿಲಿಲೀಟರ್ ಮಾಡಿ, 0.45 ಮೈಕ್ರಾನ್ ಸಿರಿಂಜ್ ಫಿಲ್ಟರಿನಿಂದ ಸೋಸಿ, ಕಂದು ಬಣ್ಣದ ವಯಲಿಗೆ ತುಂಬಿ.

ಅಮೈನೊ ಆಮ್ಲದ ಬದಲು ಬರೀ ನೀರು ಹಾಕಿದ ಒಂದು ಬ್ಲಾಂಕ್ ಕೂಡ ಇದೇ ರೀತಿ ಮಾಡಿ. ಉಳಿದ ಎಫ್‌ಡಿಎಎ ಮತ್ತು ನೀರಿನೊಡನೆ ಸೇರಿ ಹಾಳಾದ ಎಫ್‌ಡಿಎಎ, ಎರಡೂ 340ರಲ್ಲಿ ಕಾಣುತ್ತವೆ. ಬ್ಲಾಂಕ್ ಇಲ್ಲದೆ ಅವನ್ನು ಅಮೈನೊ ಆಮ್ಲವೆಂದು ತಪ್ಪು ತಿಳಿಯುವುದು ತೀರ ಸುಲಭ.

ಹಂತ 4: ಕಾಲಮ್ಮಿಗೆ

ಸಿ-18 ಕಾಲಮ್, 250 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಒಳವ್ಯಾಸ, 5 ಮೈಕ್ರಾನ್. ನೀರು ಮತ್ತು ಅಸಿಟೊನೈಟ್ರೈಲ್, ಎರಡರಲ್ಲೂ 0.1 ಶೇಕಡಾ ಟ್ರೈಫ್ಲೋರೊಅಸಿಟಿಕ್ ಆಮ್ಲ. ಅಸಿಟೊನೈಟ್ರೈಲ್ 10ರಿಂದ 50 ಶೇಕಡಾಗೆ 45 ನಿಮಿಷದಲ್ಲಿ ನಿಧಾನವಾಗಿ ಏರಲಿ. ಹರಿವು ನಿಮಿಷಕ್ಕೆ 1 ಮಿಲಿಲೀಟರ್, ಇಂಜೆಕ್ಷನ್ 10 ಮೈಕ್ರೋಲೀಟರ್, ಡಿಟೆಕ್ಟರ್ 340 ನ್ಯಾನೊಮೀಟರ್. ಕಾಲಮ್ ಅವನ್ ಇದ್ದರೆ ಒಂದೇ ಉಷ್ಣತೆಗೆ ಕಟ್ಟಿಹಾಕಿ, ಇಲ್ಲದಿದ್ದರೆ ಬೆಳಗ್ಗೆಯ ಪೀಕ್ ಮಧ್ಯಾಹ್ನಕ್ಕೆ ಜಾಗ ಬದಲಿಸಿರುತ್ತದೆ. ಮಾಸ್ ಸ್ಪೆಕ್ಟ್ರೊಮೀಟರ್ ಜೋಡಿಸಿದ್ದರೆ ಟ್ರೈಫ್ಲೋರೊಅಸಿಟಿಕ್ ಬದಲು 0.1 ಶೇಕಡಾ ಫಾರ್ಮಿಕ್ ಆಮ್ಲ ಬಳಸಿ. ಮೊದಲನೆಯದು ಸಿಗ್ನಲ್ಲನ್ನು ಅದುಮಿಬಿಡುತ್ತದೆ.

ಇಂಜೆಕ್ಷನ್ ಕ್ರಮ: ಬ್ಲಾಂಕ್, ಪ್ರತಿ ಎಲ್ ಸ್ಟ್ಯಾಂಡರ್ಡ್, ಪ್ರತಿ ಡಿ ಅಥವಾ ಡಿಎಲ್ ಸ್ಟ್ಯಾಂಡರ್ಡ್, ಎರಡನೆಯ ಟ್ಯೂಬಿನ ಕಾಯಿಸಿದ ಎಲ್ ರೂಪಗಳು, ಮಾದರಿ, ಕೊನೆಗೆ ಒಂದು ಸ್ಟ್ಯಾಂಡರ್ಡನ್ನು ಮತ್ತೊಮ್ಮೆ. ಕೊನೆಯದು ಮೊದಲಿದ್ದ ಜಾಗದಲ್ಲೇ ಬಂದರೆ ನಡುವಿನದೆಲ್ಲವನ್ನೂ ನಂಬಬಹುದು. ಎಲ್ಲವೂ ಒಂದೇ ದಿನ, ಒಂದೇ ಕಾಲಮ್, ಒಂದೇ ಬಾಟಲಿಯ ಮೊಬೈಲ್ ಫೇಸ್ (ಕಾಲಮ್ಮಿನಲ್ಲಿ ಹರಿಯುವ ದ್ರಾವಣ). ಹೋದ ತಿಂಗಳಿನ ಸ್ಟ್ಯಾಂಡರ್ಡಿನ ನಿಮಿಷಗಳನ್ನು ಇವತ್ತಿನ ಮಾದರಿಗೆ ಹೋಲಿಸಬೇಡಿ.

ಹಂತ 5: ಓದುವುದು

ವ್ಯಾಲೀನ್, ಲ್ಯೂಸೀನ್, ಫಿನೈಲ್‌ಅಲನೀನ್‌ಗಳಲ್ಲಿ ಎಲ್ ಮತ್ತು ಡಿ ಪೀಕುಗಳ ನಡುವೆ ಧಾರಾಳ ಅಂತರ ಸಿಗುತ್ತದೆ. ಪ್ರೋಲೀನ್‌ನಲ್ಲಿ ಅಂತರ ಸಣ್ಣದು, ಗ್ರೇಡಿಯಂಟನ್ನು, ಅಂದರೆ ಅಸಿಟೊನೈಟ್ರೈಲ್ ಏರಿಕೆಯನ್ನು, ಆ ಜಾಗದಲ್ಲಿ ಇನ್ನೂ ನಿಧಾನಗೊಳಿಸಬೇಕಾದೀತು. ಎರಡು ಪಾಲು ರಿಯೇಜೆಂಟ್ ಹೊತ್ತ ಆರ್ನಿಥೀನ್ ಕೊನೆಯ ಕಡೆಗೆ ಬರುತ್ತದೆ. ಒಂದು ಅಮೈನೊ ಆಮ್ಲದ ಡಿ ಪೀಕ್ ಇನ್ನೊಂದರ ಎಲ್ ಪೀಕಿನ ಮೇಲೆ ಬಂದು ಕೂರುವುದೂ ಉಂಟು. ಮಾಸ್ ಇದ್ದರೆ ಈ ಗೊಂದಲವಿಲ್ಲ: ಒಂದು ಪ್ರೋಟಾನ್ ಸೇರಿದ ಅಯಾನುಗಳು ಪ್ರೋಲೀನ್ 368, ವ್ಯಾಲೀನ್ 370, ಲ್ಯೂಸೀನ್ 384, ಫಿನೈಲ್‌ಅಲನೀನ್ 418, ಆರ್ನಿಥೀನ್ 637ರಲ್ಲಿ ಸಿಗುತ್ತವೆ. ಪ್ರತಿ ಅಮೈನೊ ಗುಂಪಿಗೆ 252 ಸೇರಿಸುತ್ತ ಹೋದರೆ ಬೇರೆ ಅಮೈನೊ ಆಮ್ಲಗಳಿಗೂ ನೀವೇ ಲೆಕ್ಕ ಹಾಕಿಕೊಳ್ಳಬಹುದು.

ಮಾದರಿಯ ಫಿನೈಲ್‌ಅಲನೀನ್ ಪೀಕ್ ಡಿ ಸ್ಟ್ಯಾಂಡರ್ಡಿನ ಜಾಗದಲ್ಲಿ ನಿಂತದ್ದನ್ನು ಕಂಡರೆ ಮನಸ್ಸು ಹಿಗ್ಗುತ್ತದೆ. ಆದರೂ ಇನ್ನೊಂದು ಪರೀಕ್ಷೆ ಉಳಿದಿದೆ. ಮಾದರಿಯ ವಯಲಿನಿಂದ ಒಂದಿಷ್ಟು, ಡಿ ಸ್ಟ್ಯಾಂಡರ್ಡಿನಿಂದ ಒಂದಿಷ್ಟು ಬೆರೆಸಿ ಇಂಜೆಕ್ಟ್ ಮಾಡಿ. ಪೀಕ್ ಹೆಗಲು ಮೂಡದೆ, ಸೀಳದೆ ನೆಟ್ಟಗೆ ಎತ್ತರವಾದರೆ ಅದು ಡಿ. ಎಲ್ ಸ್ಟ್ಯಾಂಡರ್ಡ್ ಬೆರೆಸಿದಾಗ ಪಕ್ಕದಲ್ಲಿ ಬೇರೆಯದೇ ಪೀಕ್ ಏಳಬೇಕು. ನಿಮಿಷಗಳನ್ನು ಹೋಲಿಸುವುದಕ್ಕಿಂತ ಇದು ಎಷ್ಟೋ ಪಾಲು ಗಟ್ಟಿಯಾದ ಸಾಕ್ಷಿ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಕಾಲಮ್ ಬೇರ್ಪಡಿಸುತ್ತದೆ, ಹೆಸರಿಡುವುದು ಅದರ ಕೆಲಸವಲ್ಲ. ಬಂದ ಪೀಕ್ ಎಲ್ ರೂಪದ್ದೋ ಡಿ ರೂಪದ್ದೋ ಎಂದು ಹೇಳುವುದು ಪಕ್ಕದಲ್ಲಿ ಓಡಿಸಿದ, ಎಡಬಲ ಗೊತ್ತಿರುವ ಸ್ಟ್ಯಾಂಡರ್ಡ್ ಮಾತ್ರ. ‘ಎಲ್ ಮೊದಲು, ಡಿ ಆಮೇಲೆ’ ಎಂಬ ಕ್ರಮಕ್ಕೆ ಅಪವಾದಗಳಿವೆ. ಪಕ್ಕದ ಸರಪಳಿಯಲ್ಲಿ ಇನ್ನೊಂದು ಅಮೈನೊ ಗುಂಪೋ ಬೇರೇನೋ ಇರುವ ಅಮೈನೊ ಆಮ್ಲಗಳಲ್ಲಿ, ಪ್ರಕೃತಿಯಲ್ಲಿ ಅಪರೂಪಕ್ಕೆ ಸಿಗುವ ವಿಚಿತ್ರ ಅಮೈನೊ ಆಮ್ಲಗಳಲ್ಲಿ ಕ್ರಮವನ್ನೇ ನಂಬಿ ಬರೆದರೆ ತಪ್ಪಾಗುವ ಸಾಧ್ಯತೆ ನಿಜವಾಗಿ ಇದೆ.

ಪಾಲು ಲೆಕ್ಕ ಹಾಕಲು ಎರಡು ಪೀಕುಗಳ ಏರಿಯಾ ಸಾಕು. ಎಲ್ 96, ಡಿ 4 ಇದ್ದರೆ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿ: 92 ಶೇಕಡಾ ಎನಾಂಶಿಯೊಮೆರಿಕ್ ಎಕ್ಸೆಸ್. ಆ 4ರಲ್ಲಿ ಬಿಸಿ ಆಮ್ಲದ ಪಾಲೆಷ್ಟು ಎಂದು ಎರಡನೆಯ ಟ್ಯೂಬಿನ ಫಲಿತಾಂಶದಲ್ಲಿ ನೋಡಿ. ರಿಯೇಜೆಂಟಿನಲ್ಲೇ ಕೊಂಚ ಡಿ-ಎಫ್‌ಡಿಎಎ ಬೆರೆತಿದ್ದರೂ ಇಂಥದೇ ಸುಳ್ಳು ಪೀಕ್ ಬರುತ್ತದೆ. ಅದು ಕಾಯಿಸದ ಎಲ್ ಸ್ಟ್ಯಾಂಡರ್ಡಿನಲ್ಲೂ ಕಾಣಿಸುವುದರಿಂದ ಗುರುತಿಸಬಹುದು.

ಡಿ ಸ್ಟ್ಯಾಂಡರ್ಡ್ ಸಿಗದಿದ್ದರೆ

ಸಾಮಾನ್ಯ ಅಮೈನೊ ಆಮ್ಲಗಳ ಡಿ ರೂಪ ಕೊಳ್ಳಲು ಸಿಗುತ್ತದೆ. ಆದರೆ ಹೊಸ ಪೆಪ್ಟೈಡುಗಳಲ್ಲಿ ಬರುವ ಅಪರೂಪದವು? ಇಲ್ಲಿ ನನಗೆ ಇಡೀ ವಿಧಾನದಲ್ಲೇ ಅತ್ಯಂತ ಇಷ್ಟವಾದ ಉಪಾಯವಿದೆ.

ಕನ್ನಡಿಯ ಮುಂದೆ ನಿಂತು ನಿಮ್ಮ ಬಲಗೈಯಿಂದ ಗೆಳೆಯನ ಎಡಗೈ ಹಿಡಿಯಿರಿ. ಕನ್ನಡಿಯಲ್ಲಿ ಕಾಣುವುದೇನು? ಎಡಗೈಯೊಂದು ಬಲಗೈಯನ್ನು ಹಿಡಿದಿದೆ. ಹಿಡಿತದ ಆಕಾರ ಎರಡರಲ್ಲೂ ಒಂದೇ, ದಿಕ್ಕು ಮಾತ್ರ ತಿರುವುಮುರುವು. ಹಾಗೆಯೇ ಎಲ್-ರಿಯೇಜೆಂಟ್ ಮತ್ತು ಡಿ-ಅಮೈನೊ ಆಮ್ಲ ಸೇರಿದ ಜೋಡಿಯ ಕನ್ನಡಿ ಬಿಂಬ ಎಂದರೆ ಡಿ-ರಿಯೇಜೆಂಟ್ ಮತ್ತು ಎಲ್-ಅಮೈನೊ ಆಮ್ಲದ ಜೋಡಿ. ಸಿ-18 ಕಾಲಮ್ಮಿಗೆ ಎಡಬಲ ತಿಳಿಯದು. ಆದ್ದರಿಂದ ಈ ಎರಡು ಜೋಡಿಗಳೂ ಒಂದೇ ನಿಮಿಷಕ್ಕೆ ಬರುತ್ತವೆ. ಅಂದರೆ ಕೈಯಲ್ಲಿರುವ ಎಲ್-ಆರ್ನಿಥೀನಿಗೆ ಡಿ-ರಿಯೇಜೆಂಟ್ ಬೆಸೆದರೆ, ಡಿ-ಆರ್ನಿಥೀನ್ ಎಲ್ಲಿ ಬರಬೇಕಿತ್ತೋ ಆ ಜಾಗ ಸಿಕ್ಕಂತಾಯಿತು, ಡಿ-ಆರ್ನಿಥೀನ್ ಕೊಳ್ಳದೆಯೇ.

1997ರಲ್ಲಿ ಜಪಾನಿನ ಹರಾಡಾ ಅವರ ತಂಡ ಇದನ್ನೇ ಬೆಳೆಸಿ, ಅಲನೀನ್ ಬದಲು ಲ್ಯೂಸೀನ್ ಅಮೈಡ್ ಇರುವ ಎಫ್‌ಡಿಎಲ್‌ಎ ರಿಯೇಜೆಂಟಿನ ಎಲ್ ಮತ್ತು ಡಿ ರೂಪಗಳನ್ನು ಮಾಸ್ ಸ್ಪೆಕ್ಟ್ರೊಮೀಟರ್ ಜೊತೆ ಬಳಸಿತು. ಲ್ಯೂಸೀನಿನ ಸರಪಳಿ ದೊಡ್ಡದಾದ್ದರಿಂದ ಪೀಕುಗಳ ಅಂತರವೂ ಹಿಗ್ಗುತ್ತದೆ. ನಿಮ್ಮ ಬಳಿ ಮಾಸ್ ಇದ್ದರೆ ಎಫ್‌ಡಿಎಲ್‌ಎ ಕೊಳ್ಳಿ. ಆಗ ಪ್ರತಿ ಅಮೈನೊ ಗುಂಪಿಗೆ 294 ಸೇರಿಸಬೇಕು.

ಎಲ್ಲಿ ಎಡವುತ್ತೀರಿ

ಐಸೊಲ್ಯೂಸೀನ್ ಇದ್ದರೆ ಎಚ್ಚರ. ಅದರಲ್ಲಿ ಎಡಬಲದ ಕೇಂದ್ರಗಳು ಎರಡು, ಹಾಗಾಗಿ ರೂಪಗಳು ನಾಲ್ಕು. ಎಲ್-ಐಸೊಲ್ಯೂಸೀನ್ ಮತ್ತು ಎಲ್-ಅಲ್ಲೊಐಸೊಲ್ಯೂಸೀನ್ ಸಿ-18ರಲ್ಲಿ ಒಂದರ ಮೇಲೊಂದು ಬೀಳುತ್ತವೆ. 2016ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ರಾಬರ್ಟ್ ಕೇಪನ್ ಅವರ ತಂಡ ಸಿ-3 ಕಾಲಮ್ ಬಳಸಿ ನಾಲ್ಕನ್ನೂ ಬಿಡಿಸಿ ತೋರಿಸಿತು.

ಬಿಸಿ ಆಮ್ಲದಲ್ಲಿ ಆಸ್ಪರಜೀನ್ ಆಸ್ಪಾರ್ಟಿಕ್ ಆಮ್ಲವಾಗಿ, ಗ್ಲುಟಮಿನ್ ಗ್ಲುಟಮಿಕ್ ಆಮ್ಲವಾಗಿ ಬದಲಾಗುತ್ತವೆ. ಎಡಬಲ ಉಳಿಯುತ್ತದೆ, ಹೆಸರು ಉಳಿಯುವುದಿಲ್ಲ. ಟ್ರಿಪ್ಟೊಫಾನ್ ಹಾಳಾಗಿಹೋಗುತ್ತದೆ. ಕೋನ್ ಬಸವನಹುಳುಗಳ ವಿಷದಲ್ಲಿರುವ ಕಾಂಟ್ರಿಫಾನ್ ಎಂಬ ಪೆಪ್ಟೈಡಿನಲ್ಲಿ ಡಿ-ಟ್ರಿಪ್ಟೊಫಾನ್ ಇದೆಯೆಂದು 1996ರಲ್ಲಿ ಗೊತ್ತಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ಅವರ ತಂಡವೂ ಭಾರತದ ಕರಾವಳಿಯ ಕೋನ್ ಬಸವನಹುಳುಗಳ ಪೆಪ್ಟೈಡುಗಳ ಮೇಲೆ ವರ್ಷಗಟ್ಟಲೆ ದುಡಿದಿದೆ. ಸುರುಳಿ ಚಿಪ್ಪಿನ ಆ ಜೀವಿಯ ವಿಷವನ್ನು ನೀವು ಕೈಗೆತ್ತಿಕೊಂಡರೆ ಹೈಡ್ರೊಕ್ಲೋರಿಕ್ ಬದಲು ಟ್ರಿಪ್ಟೊಫಾನ್ ಉಳಿಸುವ ಮೀಥೇನ್‌ಸಲ್ಫೋನಿಕ್ ಆಮ್ಲದಂಥ ದಾರಿ ಹಿಡಿಯಬೇಕು.

ಇನ್ನೊಂದು ಮಿತಿ ಮೂಲಭೂತವಾದದ್ದು. ಪೆಪ್ಟೈಡನ್ನು ಪೂರ್ತಿ ಒಡೆದ ಮೇಲೆ ಜಾಗದ ನೆನಪು ಅಳಿಸಿಹೋಗುತ್ತದೆ. ನಿಮ್ಮ ಪೆಪ್ಟೈಡಿನಲ್ಲಿ ಎರಡು ಫಿನೈಲ್‌ಅಲನೀನ್ ಇದ್ದು, ಒಂದು ಎಲ್, ಒಂದು ಡಿ ಎಂದು ಬಂದರೆ, ಯಾವ ಜಾಗದಲ್ಲಿರುವುದು ಡಿ ಎಂದು ಈ ಪ್ರಯೋಗ ಹೇಳುವುದಿಲ್ಲ. ಅರ್ಧಂಬರ್ಧ ಒಡೆದು, ತುಣುಕುಗಳನ್ನು ಬೇರ್ಪಡಿಸಿ, ಒಂದೊಂದಕ್ಕೂ ಮಾರ್ಫಿ ಪ್ರಯೋಗವನ್ನು ಮತ್ತೆ ಮಾಡಬೇಕು. ಗ್ರಾಮಿಸಿಡಿನ್ ಎಸ್‌ನಲ್ಲಿ ಎರಡೂ ಡಿ ಆಗಿರುವುದರಿಂದ ಈ ತಲೆನೋವಿಲ್ಲ.

ಅಮೈನೊ ಗುಂಪೇ ಇಲ್ಲದ ಅಣುವಾದರೆ

ಆಗ ಎಡಬಲವನ್ನು ಕಾಲಮ್ಮಿನೊಳಗೇ ಇಡಬೇಕು. ಜಪಾನಿನ ಯೊಶಿಯೊ ಒಕಾಮೊಟೊ ಅವರು ಬೆಳೆಸಿದ ಸೆಲ್ಯುಲೋಸ್, ಅಮೈಲೋಸ್ ಆಧಾರದ ಕೈರಲ್ ಕಾಲಮ್ಮುಗಳು ಇಂದು ಔಷಧ ಕಂಪನಿಗಳ ಲ್ಯಾಬುಗಳಲ್ಲಿ ನಿತ್ಯ ಬಳಕೆಯವು. ಹೆಕ್ಸೇನ್ ಮತ್ತು ಐಸೊಪ್ರೊಪನಾಲ್ 90:10ರಿಂದ ಶುರುಮಾಡಿ, ಬೇರ್ಪಡದಿದ್ದರೆ ಆಲ್ಕೊಹಾಲನ್ನು ಬದಲಿಸಿ, ಆಮೇಲೆ ಕಾಲಮ್ಮನ್ನೇ ಬದಲಿಸಿ. ಬೇಸಿಕ್ ಅಣುಗಳಿಗೆ 0.1 ಶೇಕಡಾ ಡೈಈಥೈಲ್‌ಅಮೀನ್, ಆಮ್ಲಗಳಿಗೆ ಅಷ್ಟೇ ಟ್ರೈಫ್ಲೋರೊಅಸಿಟಿಕ್ ಆಮ್ಲ ಸೇರಿಸಿದರೆ ಪೀಕಿನ ಬಾಲ ಕುಗ್ಗುತ್ತದೆ. ಮೊದಲು ಎರಡೂ ರೂಪ ಅರ್ಧರ್ಧ ಬೆರೆತ ರೇಸಿಮಿಕ್ ಮಿಶ್ರಣ ಹಾಕಿ ಎರಡು ಪೀಕ್ ಸ್ಪಷ್ಟವಾಗಿ ಬೇರ್ಪಟ್ಟಿದ್ದನ್ನು, ಅಂದರೆ ರೆಸೊಲ್ಯೂಶನ್ 1.5 ದಾಟಿದ್ದನ್ನು ನೋಡಿಕೊಂಡೇ ಮಾದರಿ ಹಾಕಿ. ಒಂದೇ ಪೀಕ್ ಬಂತೆಂದರೆ ಅಣು ಶುದ್ಧವೆಂದೋ, ಕಾಲಮ್ಮಿಗೆ ಅದನ್ನು ಬೇರ್ಪಡಿಸಲಾಗಲಿಲ್ಲವೆಂದೋ ಇದಿಲ್ಲದೆ ತಿಳಿಯದು.

ಇಲ್ಲಿ ಪೀಕುಗಳ ಕ್ರಮವಂತೂ ಏನನ್ನೂ ಹೇಳುವುದಿಲ್ಲ. ಅದೇ ಅಣುವಿಗೆ ಸೆಲ್ಯುಲೋಸ್ ಕಾಲಮ್ಮಿನಲ್ಲಿ ಮೊದಲು ಬಂದದ್ದು ಅಮೈಲೋಸಿನಲ್ಲಿ ಎರಡನೆಯದಾಗಬಹುದು. ಐಸೊಪ್ರೊಪನಾಲ್ ಬದಲು ಎಥನಾಲ್ ಹಾಕಿದರೂ ತಿರುಗಿಬಿಡಬಹುದು. ಎಡಬಲ ತಿಳಿದ ಸ್ಟ್ಯಾಂಡರ್ಡ್ ಜಗತ್ತಿನಲ್ಲೇ ಇಲ್ಲದ ಹೊಸ ಅಣುವಾದರೆ, ಬೇರ್ಪಟ್ಟ ಎರಡರಲ್ಲಿ ಒಂದನ್ನು ಹರಳುಗಟ್ಟಿಸಿ ಎಕ್ಸ್-ರೇಗೆ ಕೊಡಿ. 1951ರಲ್ಲಿ ನೆದರ್ಲೆಂಡ್ಸಿನ ಬೈಫೂಟ್ ತಂಡ ಟಾರ್ಟರಿಕ್ ಆಮ್ಲದ ಒಂದು ಲವಣದ ನಿಜವಾದ ಎಡಬಲವನ್ನು ಮೊಟ್ಟಮೊದಲು ಕಂಡದ್ದು ಆ ದಾರಿಯಲ್ಲೇ. ಆ ಹರಳನ್ನೇ ಮತ್ತೆ ಕರಗಿಸಿ ಕೈರಲ್ ಕಾಲಮ್ಮಿಗೆ ಹಾಕಿ. ಮುಂದಿನ ಎಲ್ಲ ಮಾದರಿಗಳಿಗೂ ಅದೇ ನಿಮ್ಮ ಸ್ಟ್ಯಾಂಡರ್ಡ್.

ಕಾಲಮ್ ಡಬ್ಬಿಯ ಮೇಲೆ ‘ಕೋಟೆಡ್’ ಎಂದಿದೆಯೋ ‘ಇಮ್ಮೊಬಿಲೈಸ್ಡ್’ ಎಂದಿದೆಯೋ ಮೊದಲೇ ಓದಿ. ಕೋಟೆಡ್ ಆದರೆ ಕ್ಲೋರೊಫಾರ್ಮ್, ಡೈಕ್ಲೋರೊಮೀಥೇನ್, ಈಥೈಲ್ ಅಸಿಟೇಟ್, ಅಸಿಟೋನ್, ಟಿಎಚ್‌ಎಫ್ ಇವುಗಳಲ್ಲಿ ಯಾವುದೂ ಅದರೊಳಗೆ ಹೋಗಬಾರದು. ಮಾದರಿ ಕರಗಿಸಲು ಬಳಸಿದ ಒಂದೆರಡು ಹನಿಯಾದರೂ ಬೇಡ. ಪದರ ಕರಗಿ ಕಾಲಮ್ ಸತ್ತೇ ಹೋಗುತ್ತದೆ. ಮುಂಚೆ ನೀರು ಹರಿದಿದ್ದ ಪಂಪಿಗೆ ನೇರವಾಗಿ ಹೆಕ್ಸೇನ್ ಬಿಡಬೇಡಿ, ಅವೆರಡೂ ಬೆರೆಯುವುದಿಲ್ಲ. ಕಾಲಮ್ ಜೋಡಿಸುವ ಮೊದಲೇ ಐಸೊಪ್ರೊಪನಾಲ್ ಹರಿಸಿ ಪಂಪ್, ಇಂಜೆಕ್ಟರ್ ಲೂಪ್, ಕೊಳವೆಗಳನ್ನೆಲ್ಲ ತೊಳೆದುಕೊಳ್ಳಿ, ಆಮೇಲೆ ಹೆಕ್ಸೇನ್.